ಲಿಸ್ಬನ್‌ನಲ್ಲಿ ನಾಲ್ಕು ದಿನ: ಏನು ನೋಡಬೇಕು, ಏನು ಬಿಡಬಹುದು

ಪ್ರಶ್ನೆ: ನಮ್ಮ ಮಗಳು ಪೋರ್ಚುಗಲ್‌ನಲ್ಲಿ ಓದುತ್ತಿದ್ದಾಳೆ. ಬರುವ ಅಕ್ಟೋಬರ್‌ನಲ್ಲಿ ನಾನು, ನನ್ನ ಯಜಮಾನರು, ನಮ್ಮ ಅತ್ತೆ ಮೂವರೂ ಲಿಸ್ಬನ್‌ಗೆ ಹೋಗುತ್ತಿದ್ದೇವೆ. ಅಲ್ಲಿ ನಾಲ್ಕು ದಿನ ಇರುತ್ತೇವೆ. ಅತ್ತೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹಳೆಯ ಕಟ್ಟಡ ಅಂದರೆ ಪ್ರಾಣ. ಆದರೆ ಮಂಡಿನೋವು ಇದೆ. ಇಂಟರ್ನೆಟ್‌ನಲ್ಲಿ ನೋಡಿದರೆ ಒಬ್ಬೊಬ್ಬರು ಮೂವತ್ತು ಜಾಗ ಹೇಳುತ್ತಾರೆ. ನಿಜವಾಗಿ ನೋಡಲೇಬೇಕಾದ ಐತಿಹಾಸಿಕ ಜಾಗಗಳು ಯಾವುವು? ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು? (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಅತ್ತೆಯವರು ಇತಿಹಾಸದ ಮೇಷ್ಟ್ರು ಅಂದಿರಲ್ಲ, ಒಂದು ತಾರೀಕಿನಿಂದಲೇ ಶುರು ಮಾಡುತ್ತೇನೆ. 1755ರ ನವೆಂಬರ್ 1. ಲಿಸ್ಬನ್ ಅರ್ಥವಾಗಬೇಕಾದರೆ ಈ ದಿನ ಗೊತ್ತಿರಬೇಕು.

ಅದು ಎಲ್ಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಚರ್ಚುಗಳೆಲ್ಲ ತುಂಬಿದ್ದವು, ಪೀಠದ ಮೇಲೆ ಮೇಣದಬತ್ತಿ ಉರಿಯುತ್ತಿದ್ದವು. ಆಗ ನೆಲ ನಡುಗಿತು. ಕಲ್ಲಿನ ಚಾವಣಿಗಳು ಜನರ ಮೇಲೆ ಕುಸಿದವು. ಬದುಕಿ ಉಳಿದವರು ಬಯಲು ಜಾಗ ಹುಡುಕಿಕೊಂಡು ನದಿ ದಂಡೆಗೆ ಓಡಿದರು. ಸ್ವಲ್ಪ ಹೊತ್ತಿಗೆ ನೀರು ಹಿಂದೆ ಸರಿದು, ಆಮೇಲೆ ಸುನಾಮಿಯಾಗಿ ನುಗ್ಗಿತು. ಇತ್ತ ಬಿದ್ದ ಮೇಣದಬತ್ತಿ, ಅಡುಗೆ ಒಲೆಗಳಿಂದ ಬೆಂಕಿ ಹತ್ತಿ ಹೆಚ್ಚುಕಮ್ಮಿ ಒಂದು ವಾರ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. ಯುರೋಪಿನ ಶ್ರೀಮಂತ ರಾಜಧಾನಿಗಳಲ್ಲಿ ಒಂದಾಗಿದ್ದ ಊರಿನ ನಡುಭಾಗ ಇಲ್ಲವಾಯಿತು.

ಹೀಗಾಗಿ ಲಿಸ್ಬನ್‌ನಲ್ಲಿ ಯಾವ ಹಳೆಯ ಕಟ್ಟಡದ ಮುಂದೆ ನಿಂತರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ದಿನ ಇದಕ್ಕೆ ಏನಾಯಿತು? ಕೆಲವು ನಿಂತವು. ಕೆಲವು ಬಿದ್ದವು, ಬಿದ್ದಂತೆಯೇ ಉಳಿಸಿಕೊಂಡರು. ಉಳಿದದ್ದನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಈ ಪ್ರಶ್ನೆ ಕೈಯಲ್ಲಿದ್ದರೆ ಮೂವತ್ತು ಜಾಗದ ಪಟ್ಟಿ ಬೇಕಾಗಿಲ್ಲ, ಹತ್ತು ಹನ್ನೆರಡು ಸಾಕು. ನಾನು ಯಾರಿಗೆ ಹೇಳುವಾಗಲೂ ಇದೇ ದಾರಿಯಲ್ಲಿ ಹೇಳುವುದು.

ಎಲ್ಲರೂ ಮೊದಲ ದಿನವೇ ಊರಿನ ಪಶ್ಚಿಮಕ್ಕಿರುವ ಬೆಲೇಂ ಗೋಪುರಕ್ಕೆ ಓಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ರಾಷ್ಟ್ರೀಯ ಟೈಲ್ಸ್ ಮ್ಯೂಸಿಯಂಗೆ ಹೋಗಿ. ಊರಿನ ಪೂರ್ವ ಭಾಗದಲ್ಲಿದೆ, ಟ್ಯಾಕ್ಸಿಯಲ್ಲಿ ಹೋಗುವುದು ಸುಲಭ. ಅದು ಇರುವುದು ರಾಣಿ ಲಿಯೊನೋರ್ 1509ರಲ್ಲಿ ಕಟ್ಟಿಸಿದ ಮಾದ್ರೆ ದಿ ದೇವುಶ್ ಸನ್ಯಾಸಿನಿಯರ ಮಠದಲ್ಲಿ. ಪೋರ್ಚುಗಲ್‌ನಲ್ಲಿ ಎಲ್ಲಿ ನೋಡಿದರೂ ಗೋಡೆಗೆ ಬಣ್ಣದ ಟೈಲ್ಸ್ ಇರುತ್ತವೆ, ಅದಕ್ಕೆ ಅಝುಲೇಜು ಅನ್ನುತ್ತಾರೆ. ಈ ಮ್ಯೂಸಿಯಂನಲ್ಲಿ ಐದು ಶತಮಾನದ ಅಝುಲೇಜು ಇವೆ. ಆದರೆ ನಿಮ್ಮನ್ನು ಕಳಿಸುತ್ತಿರುವುದು ಒಂದೇ ಒಂದು ಗೋಡೆಗಾಗಿ. ಸುಮಾರು 1700ರಲ್ಲಿ ಮಾಡಿದ, 23 ಮೀಟರ್ ಉದ್ದದ ನೀಲಿ ಬಿಳಿ ಚಿತ್ರ ಅದು. ನದಿಯ ಮೇಲಿಂದ ನೋಡಿದರೆ ಲಿಸ್ಬನ್ ಹೇಗೆ ಕಾಣುತ್ತಿತ್ತೋ ಹಾಗೇ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬರೆದಿದ್ದಾರೆ. ಅರಮನೆ, ಚರ್ಚು, ಸಂತೆ, ದೋಣಿಕಟ್ಟೆ, ಜನ ಎಲ್ಲ ಇದ್ದಾರೆ. 1755ರಲ್ಲಿ ಹೋದ ಊರು ಇದು. ಅರ್ಧ ಗಂಟೆ ಅದರ ಮುಂದೆ ನಿಧಾನವಾಗಿ ನಡೆಯಿರಿ, ಅತ್ತೆಯವರ ಹತ್ತಿರ ನದಿ ದಂಡೆಯ ಅರಮನೆಯನ್ನು ಗುರುತು ಹಿಡಿಸಿ. ಮಿಕ್ಕ ಮೂರು ದಿನವೂ ಆ ಚಿತ್ರ ಕೆಲಸಕ್ಕೆ ಬರುತ್ತದೆ.

ಅಲ್ಲಿಂದ ಅಲ್ಫಾಮಾ ಕಡೆ ಬನ್ನಿ. ಇದು ಕೋಟೆ ಗುಡ್ಡದ ಇಳಿಜಾರಿನಲ್ಲಿರುವ ಹಳೇ ಕೇರಿ. ಅರಬ್ಬರ ಕಾಲದ ಓಣಿಗಳ ವಿನ್ಯಾಸ ಇಲ್ಲಿ ಇನ್ನೂ ಉಳಿದಿದೆ. ಭೂಕಂಪದಲ್ಲಿ ಬೇರೆ ಕಡೆಗಿಂತ ಕಡಿಮೆ ಹಾಳಾದ ಭಾಗ ಇದು, ಅದಕ್ಕೇ ಓಣಿಗಳು ಈಗಲೂ ಅಂಕುಡೊಂಕು. ಸಾಂತಾ ಲೂಸಿಯಾ ಚರ್ಚಿನ ಪಕ್ಕದಲ್ಲಿ ಒಂದು ಕಟ್ಟೆಯಿದೆ. ನದಿ, ಕೆಂಪು ಹೆಂಚಿನ ಮನೆಗಳು ಚೆನ್ನಾಗಿ ಕಾಣುತ್ತವೆ, ಅದಕ್ಕೇ ಜನ ಸೇರುತ್ತಾರೆ. ಎಲ್ಲರೂ ನದಿ ಕಡೆ ಮುಖ ಮಾಡಿ ಫೋಟೊ ತೆಗೆಯುತ್ತಿರುತ್ತಾರೆ. ನೀವು ತಿರುಗಿ ಚರ್ಚಿನ ಹೊರಗೋಡೆ ನೋಡಿ. ಅಲ್ಲಿ ಎರಡು ದೊಡ್ಡ ಟೈಲ್ಸ್ ಚಿತ್ರ ಇವೆ. ಒಂದರಲ್ಲಿ 1147ರಲ್ಲಿ ಅಫೊನ್ಸೊ ಹೆನ್ರಿಕೆಸ್ ರಾಜ ಕ್ರುಸೇಡ್ ಅನ್ನುವ ಧರ್ಮಯುದ್ಧಕ್ಕೆ ಹೊರಟ ಸೈನಿಕರ ನೆರವಿನಿಂದ ಅರಬ್ಬರ ಕೋಟೆ ಗೆದ್ದದ್ದು. ಇನ್ನೊಂದರಲ್ಲಿ ಭೂಕಂಪಕ್ಕೆ ಮುಂಚಿನ ಅರಮನೆ ಚೌಕ. ಬೆಳಿಗ್ಗೆ ನೋಡಿದ ಅರಮನೆಯೇ ಅದು.

ಸೆ ಅನ್ನುವ ಪ್ರಧಾನ ಚರ್ಚು ಇಲ್ಲಿಂದ ಇಳಿಜಾರಿನಲ್ಲಿ ಸ್ವಲ್ಪವೇ ದೂರ. ಕೋಟೆ ಗೆದ್ದ ಅದೇ ಕಾಲದಲ್ಲಿ, ಮಸೀದಿ ಇದ್ದ ಜಾಗದಲ್ಲಿ ಕಟ್ಟಿಸಿದ್ದು. ದಪ್ಪ ಗೋಡೆ, ಎರಡು ಗೋಪುರ, ನೋಡಿದರೆ ಕೋಟೆಯ ಹಾಗೇ ಇದೆ. ಒಳಗೆ ಹದಿನೈದು ನಿಮಿಷ ಸಾಕು. ಅದರ ಕೆಳಗೇ ಸಂತ ಅಂತೋನಿ ಹುಟ್ಟಿದ ಜಾಗದಲ್ಲಿ ಸಣ್ಣ ಚರ್ಚಿದೆ. ನಮ್ಮ ಕರಾವಳಿಯಲ್ಲಿ ಮಂಗಳವಾರ ಮಂಗಳವಾರ ಜನ ಪ್ರಾರ್ಥನೆ ಸಲ್ಲಿಸುವ ಅದೇ ಸಂತ. ಇಟಲಿಯ ಪಾದುವಾ ಹೆಸರಿನಿಂದ ಕರೆದರೂ ಅವರು ಹುಟ್ಟಿದ್ದು ಲಿಸ್ಬನ್‌ನಲ್ಲಿ, ಸುಮಾರು 1195ರಲ್ಲಿ.

ಸೆ ಪಕ್ಕದಲ್ಲೇ ಇರುವ ಅಲ್ಜುಬೆಯನ್ನು ಹೆಚ್ಚಿನ ಪ್ರವಾಸಿಗಳು ನೋಡದೆ ದಾಟಿ ಹೋಗುತ್ತಾರೆ. ನಿಮ್ಮ ಅತ್ತೆಗೆ ಖಂಡಿತ ತೋರಿಸಿ. ಸಾಲಜಾರ್ ಸರ್ವಾಧಿಕಾರದ ಕಾಲದಲ್ಲಿ ಇದು ರಾಜಕೀಯ ಕೈದಿಗಳ ಜೈಲು, 1965ರವರೆಗೂ ನಡೆಯಿತು. 2015ರಿಂದ ಮ್ಯೂಸಿಯಂ. ಒಬ್ಬ ಮನುಷ್ಯ ಮಲಗಿದರೆ ಮುಗಿದುಹೋಗುವಷ್ಟು ಸಣ್ಣ ಕೋಣೆಗಳನ್ನು ತೋರಿಸಿದ್ದಾರೆ. ವಸಾಹತುಗಳ ಹೋರಾಟದ ಕಥೆಯೂ ಇಲ್ಲಿದೆ. ಗೋವಾ ಬಿಡುಗಡೆಯ ಸತ್ಯಾಗ್ರಹಿಗಳು ಬೆಳಗಾವಿ, ಕಾರವಾರದ ಕಡೆಯಿಂದ ಗಡಿ ದಾಟುತ್ತಿದ್ದ ಕಾಲ ನಿಮ್ಮ ಅತ್ತೆಯವರು ಪಾಠ ಮಾಡಿರುತ್ತಾರೆ. ಆ ಹೋರಾಟದ ಮೋಹನ್ ರಾನಡೆ ಅವರನ್ನು ಲಿಸ್ಬನ್ ಹತ್ತಿರದ ಕಶಿಯಾಸ್ ಕೋಟೆಯಲ್ಲಿ ಇಟ್ಟಿದ್ದರು. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾದರೂ ಅವರಿಗೆ ಬಿಡುಗಡೆ ಸಿಕ್ಕಿದ್ದು 1969ರಲ್ಲಿ. ಆ ಇತಿಹಾಸದ ಇನ್ನೊಂದು ತುದಿ ಲಿಸ್ಬನ್‌ನಲ್ಲಿದೆ ಅನ್ನುವುದು ನಮ್ಮವರಿಗೆ ಗೊತ್ತಿರಬೇಕು.

ಇಳಿಜಾರು ಮುಗಿಯುವಲ್ಲಿ, ನದಿಗೆ ಹತ್ತಿರ, ಮುಖಕ್ಕೆಲ್ಲ ವಜ್ರದ ಹಾಗೆ ಚೂಪಾಗಿ ಕೆತ್ತಿದ ಕಲ್ಲುಗಳಿರುವ ಒಂದು ಮನೆ ಕಾಣುತ್ತದೆ. ಕಾಸಾ ದುಶ್ ಬಿಕುಶ್. 1523ರಲ್ಲಿ ಕಟ್ಟಿಸಿದವನು ಬ್ರಾಸ್ ದಿ ಅಲ್ಬುಕರ್ಕ್. 1510ರಲ್ಲಿ ಗೋವಾ ಹಿಡಿದ ಅಫೊನ್ಸೊ ದಿ ಅಲ್ಬುಕರ್ಕ್‌ನ ಮಗ. ಆ ಅಪ್ಪನಿಗೆ ಗೋವಾ ಮೇಲೆ ದಾಳಿ ಮಾಡು ಅಂತ ಹೇಳಿ, ಜೊತೆಗೆ ನಿಂತವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ತಿಮೋಜಾ ಅಂತ ಬರುವವನು ಅವನೇ. 1755ರಲ್ಲಿ ಈ ಮನೆಯ ಮೇಲಿನ ಎರಡು ಅಂತಸ್ತು ಬಿದ್ದುಹೋದವು. ಇನ್ನೂರು ವರ್ಷಕ್ಕೂ ಜಾಸ್ತಿ ಅದು ಮೊಂಡಾಗಿಯೇ ಇತ್ತು. 1980ರ ದಶಕದಲ್ಲಿ ಹಳೆಯ ಚಿತ್ರಗಳನ್ನು ಇಟ್ಟುಕೊಂಡು ಮತ್ತೆ ಕಟ್ಟಿದರು. ಈಗ ಒಳಗೆ ನೊಬೆಲ್ ಲೇಖಕ ಜೋಸೆ ಸರಮಾಗೊ ಹೆಸರಿನ ಪ್ರತಿಷ್ಠಾನವಿದೆ. ಎದುರಿಗೆ ಇರುವ ಆಲಿವ್ ಮರದ ಬುಡದಲ್ಲಿ ಅವರ ಚಿತಾಭಸ್ಮ ಇಟ್ಟಿದ್ದಾರೆ. ಮರವನ್ನು ಅವರ ಹುಟ್ಟೂರಿನಿಂದ ತಂದದ್ದು.

ಮೊದಲ ದಿನಕ್ಕೆ ಇಷ್ಟು ಸಾಕು. ಕೋಟೆ ಹೇಳಲಿಲ್ಲ ಅಂತ ಕೇಳುತ್ತೀರಿ. ಸಾವೋ ಜಾರ್ಜ್ ಕೋಟೆ ಊರಿನ ಎಲ್ಲ ಕಡೆಯಿಂದ ಕಾಣುತ್ತದೆ, ಎಲ್ಲ ಪಟ್ಟಿಯಲ್ಲೂ ಮೇಲೇ ಇರುತ್ತದೆ. ಆದರೆ ನೀವು ನೋಡುವ ಗೋಡೆ ಬುರುಜುಗಳಲ್ಲಿ ಬಹಳಷ್ಟು 1938ರಿಂದ 1940ರ ನಡುವೆ ಸಾಲಜಾರ್ ಸರ್ಕಾರ ಮತ್ತೆ ಕಟ್ಟಿಸಿದ್ದು. ಒಳಗಿನ ಉತ್ಖನನದ ಜಾಗ ನಿಜಕ್ಕೂ ಚೆನ್ನಾಗಿದೆ, ಹನ್ನೊಂದನೇ ಶತಮಾನದ ಅರಬ್ ಮನೆಗಳ ಅಡಿಪಾಯ ಅಲ್ಲಿದೆ. ಆದರೂ ಮಂಡಿನೋವಿನವರನ್ನು ಕರೆದುಕೊಂಡು ಅಷ್ಟು ಉಬ್ಬು ಹತ್ತಿ, ಕ್ಯೂ ನಿಂತು ಹೋಗುವಷ್ಟು ಬೆಲೆ ಅದಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಕೆಳಗಿನಿಂದ ನೋಡಿದರೆ ಸಾಕು.

ಎರಡನೇ ದಿನ ಬಿದ್ದ ಊರು, ಎದ್ದ ಊರು. ಮೇಲಿನಿಂದ ಕೆಳಕ್ಕೆ ನಡೆಯಿರಿ, ಕೆಳಗಿನಿಂದ ಮೇಲಕ್ಕೆ ಬೇಡ. ಬೈಶಾ-ಶಿಯಾಡು ಮೆಟ್ರೊ ಸ್ಟೇಷನ್‌ನ ಶಿಯಾಡು ಬಾಗಿಲಿನಿಂದ ಹೊರಗೆ ಬಂದರೆ ಉದ್ದದ ಎಸ್ಕಲೇಟರ್‌ಗಳೇ ನಿಮ್ಮನ್ನು ಗುಡ್ಡದ ಮೇಲೆ ಬಿಡುತ್ತವೆ. ಅಲ್ಲಿಂದ ಸಾವೋ ರೋಕ್ ಚರ್ಚು ಹತ್ತಿರ. ಹೊರಗಿನಿಂದ ಸಾದಾ ಬಿಳಿ ಗೋಡೆ, ಒಳಗೆ ಹೋಗಲೇಬೇಕು ಅನ್ನಿಸುವುದಿಲ್ಲ. ಹೋಗಿ. ಇದು ಜೆಸ್ಯೂಟ್ ಪಾದ್ರಿಗಳ ಚರ್ಚು, ಭೂಕಂಪದಲ್ಲಿ ಹೆಚ್ಚು ಪೆಟ್ಟಿಲ್ಲದೆ ಉಳಿಯಿತು. ಎಡಗಡೆ ಸಂತ ಯೋಹಾನನ ಹೆಸರಿನ ಒಂದು ಗುಡಿಯಿದೆ. ಐದನೇ ಜೋವಾವೋ ರಾಜ ಇದನ್ನು 1740ರ ದಶಕದಲ್ಲಿ ರೋಮ್‌ನಲ್ಲಿ ಮಾಡಿಸಿದ. ಅಲ್ಲಿ ಪೂರ್ತಿ ಜೋಡಿಸಿ, ಪೋಪ್ ಕೈಯಿಂದ ಆಶೀರ್ವಾದ ಮಾಡಿಸಿ, ಆಮೇಲೆ ಬಿಚ್ಚಿ ಹಡಗಿನಲ್ಲಿ ತರಿಸಿ ಇಲ್ಲಿ ಮತ್ತೆ ಜೋಡಿಸಿದರು. ನೀಲಿ ಲಾಜವರ್ದ ಕಲ್ಲು, ಅಗೇಟ್, ಅಮೃತಶಿಲೆ, ಚಿನ್ನದ ಲೇಪ. ವರ್ಣಚಿತ್ರ ಅಂತ ಕಾಣುವುದು ಹತ್ತಿರ ಹೋದರೆ ಸಣ್ಣ ಸಣ್ಣ ಕಲ್ಲು ಜೋಡಿಸಿದ ಚಿತ್ರ. ಬ್ರೆಜಿಲ್‌ನಿಂದ ಬರುತ್ತಿದ್ದ ಚಿನ್ನ ಆ ರಾಜನ ಕೈಯಲ್ಲಿ ಎಷ್ಟು ಧಾರಾಳವಾಗಿತ್ತು ಅಂತ ಈ ಒಂದು ಗುಡಿ ಹೇಳುತ್ತದೆ. ಆ ಚಿನ್ನವನ್ನು ಅಗೆದ ಕೈಗಳು ಆಫ್ರಿಕಾದಿಂದ ಹಿಡಿದು ತಂದ ಗುಲಾಮರದ್ದು ಅನ್ನುವುದನ್ನೂ ಅಲ್ಲಿ ನೆನೆಸಿಕೊಳ್ಳಬೇಕು.

ಅಲ್ಲಿಂದ ಕಾರ್ಮೊ. ಲಿಸ್ಬನ್‌ನಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯ ಇದೆ ಅಂದವರಿಗೆ ನಾನು ಹೇಳುವುದು ಇದನ್ನೇ. 1389ರಲ್ಲಿ ಸೇನಾಪತಿ ನೂನೊ ಆಲ್ವಾರೆಸ್ ಪೆರೇರಾ ಕಟ್ಟಿಸಿದ ಮಠದ ಚರ್ಚು. ಭೂಕಂಪದಲ್ಲಿ ಚಾವಣಿ ಬಿತ್ತು. ಮರುವರ್ಷವೇ ದುರಸ್ತಿ ಶುರು ಮಾಡಿದರು. 1834ರಲ್ಲಿ ದೇಶದಲ್ಲಿ ಸನ್ಯಾಸಿ ಮಠಗಳನ್ನೆಲ್ಲ ರದ್ದು ಮಾಡಿದಾಗ ಕೆಲಸ ನಿಂತಿತು. ಆಮೇಲೆ ಬಂದವರು ಇದನ್ನು ಹೀಗೇ ಬಿಡೋಣ ಅಂದರು. ಈಗ ನೋಡಿದರೆ ಕಲ್ಲಿನ ಕಮಾನುಗಳು ಒಂದರ ಹಿಂದೆ ಒಂದು ನಿಂತಿವೆ, ಮೇಲೆ ಬರೀ ಆಕಾಶ. ಚಾವಣಿಯ ಭಾರ ಹೊರಬೇಕಾದ ಪಕ್ಕೆಲುಬುಗಳು ಏನೂ ಹೊರದೆ ನಿಂತಿರುವುದನ್ನು ನೋಡಿದರೆ ಕಟ್ಟಡ ಕಟ್ಟುವ ವಿದ್ಯೆಯೇ ಬಿಚ್ಚಿಟ್ಟಂತೆ ಇರುತ್ತದೆ. ಹಿಂಭಾಗದಲ್ಲಿ 1864ರಲ್ಲಿ ಶುರುವಾದ ಪುರಾತತ್ವ ಮ್ಯೂಸಿಯಂ ಇದೆ. ಭಾನುವಾರ ರಜ, ಮರೆಯಬೇಡಿ.

ಎದುರಿನ ಚೌಕದಲ್ಲಿ ಒಂದು ಕ್ಷಣ ನಿಲ್ಲಿ. 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಮುಗಿದದ್ದು ಇಲ್ಲಿ. ಸಾಲಜಾರ್ ನಂತರ ಬಂದ ಪ್ರಧಾನಿ ಮಾರ್ಸೆಲೊ ಕೈತಾನೊ ಪಕ್ಕದ ಪೊಲೀಸ್ ಪಡೆಯ ಕಟ್ಟಡದಲ್ಲಿ ಅವಿತಿದ್ದರು. ಕ್ಯಾಪ್ಟನ್ ಸಾಲ್ಗೇರೊ ಮಾಯಾ ಸೈನಿಕರ ಜೊತೆ ಬಂದು ಸುತ್ತುವರಿದರು. ಚೌಕ ತುಂಬ ಜನ. ಸಂಜೆ ಹೊತ್ತಿಗೆ ಕೈತಾನೊ ಶರಣಾದರು. ಆ ದಿನ ಜನ ಬಂದೂಕಿನ ನಳಿಕೆಗೆ ಕಾರ್ನೇಶನ್ ಹೂವು ಸಿಕ್ಕಿಸಿದರು, ಕ್ರಾಂತಿಗೆ ಅದೇ ಹೆಸರಾಯಿತು. ಚೌಕದ ಹಿಂದೆಯೇ ಸಾಂತಾ ಜುಸ್ತಾ ಲಿಫ್ಟ್‌ನ ಮೇಲಿನ ತುದಿ ಇದೆ. 1902ರ ಕಬ್ಬಿಣದ ಲಿಫ್ಟ್, 45 ಮೀಟರ್ ಎತ್ತರ. ಕೆಳಗಿನಿಂದ ಹತ್ತಲು ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಾರೆ. ನೀವು ಆಗಲೇ ಮೇಲೆ ಇರುತ್ತೀರಿ, ಕಾರ್ಮೊ ಕಡೆಯಿಂದ ಸುಮ್ನೆ ನೋಡಿಕೊಂಡು ಬನ್ನಿ.

ಇನ್ನು ಇಳಿದರೆ ರೊಸಿಯೊ ಚೌಕ. ಕಪ್ಪು ಬಿಳಿ ಕಲ್ಲಿನಲ್ಲಿ ಅಲೆ ಅಲೆಯಾಗಿ ನೆಲ ಹಾಸಿದ್ದಾರೆ, ಚೆಂದವಾಗಿದೆ. ಆದರೆ ಚೌಕದ ಉತ್ತರಕ್ಕೆ ಇರುವ ರಾಷ್ಟ್ರೀಯ ನಾಟಕಶಾಲೆ ನಿಂತಿರುವುದು ಹಿಂದೆ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತ ಮತಕ್ಕೆ ವಿರುದ್ಧ ನಡೆದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ನ್ಯಾಯಮಂಡಳಿಯ ಅರಮನೆ ಇದ್ದ ಜಾಗದಲ್ಲಿ. ಭೂಕಂಪ ದೇವರ ಶಿಕ್ಷೆ, ಮನೆ ಕಟ್ಟುವುದು ಬಿಟ್ಟು ಪಶ್ಚಾತ್ತಾಪ ಮಾಡಿ ಎಂದು ಬೋಧಿಸಿದ ಪಾದ್ರಿ ಗೇಬ್ರಿಯೆಲ್ ಮಲಗ್ರಿಡಾನನ್ನು 1761ರಲ್ಲಿ ಇದೇ ಚೌಕದಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು.

ಮೂಲೆಯಲ್ಲಿರುವ ಸಾವೋ ಡೊಮಿಂಗೋಸ್ ಚರ್ಚಿಗೆ ಹೋಗುವಾಗ ಅತ್ತೆಯವರಿಗೆ ಮೊದಲೇ ಹೇಳಿರಿ. ಇದು ನೋವಿನ ಜಾಗ. 1506ರ ಏಪ್ರಿಲ್‌ನಲ್ಲಿ ಈ ಚರ್ಚಿನೊಳಗೆ ಶಿಲುಬೆಯ ಮೇಲೆ ಪವಾಡದ ಬೆಳಕು ಕಂಡಿತು ಅಂತ ಜನ ಕೂಗಿದರು. ಹಿಂದೆ ಯಹೂದಿಯಾಗಿದ್ದು ಬಲವಂತಕ್ಕೆ ಕ್ರೈಸ್ತನಾದ ಒಬ್ಬ ಅದನ್ನು ಅನುಮಾನಿಸಿದ. ಅವನನ್ನು ಅಲ್ಲೇ ಎಳೆದು ಕೊಂದರು. ಮೂರು ದಿನ ಊರೆಲ್ಲ ಅವನಂಥವರನ್ನು ಹುಡುಕಿ ಹುಡುಕಿ ಕೊಂದರು, ಸತ್ತವರು ಸಾವಿರಕ್ಕೂ ಜಾಸ್ತಿ. 2008ರಲ್ಲಿ ಹೊರಗೆ ಅವರ ನೆನಪಿಗೆ ಕಲ್ಲು ಇಟ್ಟಿದ್ದಾರೆ. ಪೋರ್ಚುಗಲ್‌ನಲ್ಲಿ ಇನ್‌ಕ್ವಿಸಿಷನ್ 1536ರಲ್ಲಿ ಬಂತು, ಗೋವಾದಲ್ಲಿ 1560ರಲ್ಲಿ. ಅದರ ಭಯಕ್ಕೂ, ತೆರಿಗೆ, ಯುದ್ಧ, ಬರಗಾಲದ ಕಷ್ಟಕ್ಕೂ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಉತ್ತರ ಕನ್ನಡದಿಂದ ಮಂಗಳೂರಿನವರೆಗೂ ಇವೆ, ಹಿಂದೂಗಳೂ ಕ್ರೈಸ್ತರೂ. ಚರ್ಚು 1755ರಲ್ಲಿ ಬಿತ್ತು, ಮತ್ತೆ ಕಟ್ಟಿದರು. 1959ರಲ್ಲಿ ಬೆಂಕಿ ಬಿತ್ತು. ಈ ಸಲ ಚಾವಣಿ ಹಾಕಿದರೂ ಸುಟ್ಟು ಸಿಡಿದ ಕಂಬಗಳನ್ನು ಮುಚ್ಚಲಿಲ್ಲ. ಒಳಗೆ ಕಾಲಿಟ್ಟರೆ ಆ ಕಂಬಗಳೇ ಮೊದಲು ಕಣ್ಣಿಗೆ ಬೀಳುತ್ತವೆ.

ರೊಸಿಯೊದಿಂದ ನದಿಯವರೆಗಿನ ಸಮತಟ್ಟು ಭಾಗ ಬೈಶಾ. ಅತ್ತೆಯವರ ಮಂಡಿಗೆ ಇಲ್ಲಿ ಆರಾಮ. ನೇರವಾದ ಬೀದಿಗಳು, ಒಂದೇ ಎತ್ತರದ ಮನೆಗಳು, ಒಂದೇ ಬಗೆಯ ಕಿಟಕಿಗಳು. ಅಂಗಡಿ ಸಾಲು ಅಂತ ದಾಟಿ ಹೋಗಬೇಡಿ, ಇಡೀ ಬಡಾವಣೆಯೇ ಸ್ಮಾರಕ. ಭೂಕಂಪದ ನಂತರ ಆಡಳಿತ ಕೈಗೆತ್ತಿಕೊಂಡವನು ಮಂತ್ರಿ ಸೆಬಾಸ್ಟಿಯಾವೋ ಜೋಸೆ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಅಂತ ಹೆಸರಾದವನು. ಕಠೋರ ಮನುಷ್ಯ, ವಿರೋಧಿಗಳನ್ನು ಉಳಿಸಲಿಲ್ಲ. ಆದರೆ ಅವನು ದೇಶದ ಎಲ್ಲ ಚರ್ಚುಗಳಿಗೆ ಒಂದು ಪ್ರಶ್ನೆಪತ್ರ ಕಳಿಸಿದ. ಎಷ್ಟು ಹೊತ್ತು ನಡುಗಿತು? ಯಾವ ದಿಕ್ಕಿನಿಂದ? ಸಮುದ್ರ ಮೊದಲು ಏರಿತೋ ಇಳಿಯಿತೋ? ನೆಲ ಬಿರಿಯಿತಾ? ಎಷ್ಟು ಜನ ಸತ್ತರು? ಭೂಕಂಪವನ್ನು ಶಾಪ ಅನ್ನದೆ ಅಳೆದು ನೋಡುವ ಕೆಲಸ ಅಲ್ಲಿ ಶುರುವಾಯಿತು. ಬಂದ ಉತ್ತರಗಳು ಇಂದಿಗೂ ಇವೆ.

ಆದರೆ ನನಗೆ ಪೊಂಬಾಲ್‌ಗಿಂತ ಹೆಚ್ಚು ಗೌರವ ಇರುವುದು ಮಾನ್ಯುಯೆಲ್ ದ ಮೈಯಾ ಮೇಲೆ. ರಾಜ್ಯದ ಮುಖ್ಯ ಎಂಜಿನಿಯರ್, ಆಗ ವಯಸ್ಸು ಎಂಬತ್ತರ ಹತ್ತಿರ. ದೇಶದ ದಾಖಲೆಗಳನ್ನು ಇಟ್ಟಿದ್ದ ತೊರೆ ದು ತೊಂಬು ಅನ್ನುವ ಗೋಪುರ ಕೋಟೆಯಲ್ಲಿತ್ತು, ಅದರ ಹೊಣೆಯೂ ಅವನದ್ದೇ. ಗೋಪುರ ಬಿತ್ತು. ಆ ಮುದುಕ ಕಲ್ಲುಮಣ್ಣಿನ ಕೆಳಗಿಂದ ಕಾಗದಗಳನ್ನು ತೆಗೆಸಿ ಉಳಿಸಿದ. ಗೋವಾದಿಂದ ರಾಜನಿಗೆ ಹೋದ ಪತ್ರಗಳನ್ನು ಹುಡುಕಿಕೊಂಡು ನಮ್ಮ ಕರಾವಳಿಯ ಇತಿಹಾಸ ಬರೆಯುವವರು ಈಗಲೂ ಹೋಗುವುದು ಆ ಸಂಗ್ರಹಕ್ಕೆ. ಆ ಕೆಲಸದ ಬೆನ್ನಲ್ಲೇ ಹೊಸ ಊರು ಹೇಗಿರಬೇಕು ಅಂತ ವರದಿ ಬರೆದುಕೊಟ್ಟ. ಇದ್ದ ಹಾಗೇ ಕಟ್ಟಬಹುದು, ಬೀದಿ ಅಗಲ ಮಾಡಬಹುದು, ಪೂರ್ತಿ ಕೆಡವಿ ಹೊಸ ನಕ್ಷೆ ಹಾಕಬಹುದು, ಊರನ್ನೇ ಬೆಲೇಂ ಕಡೆಗೆ ಒಯ್ಯಬಹುದು ಅಂತ ಒಂದೊಂದನ್ನೂ ತೂಗಿ ನೋಡಿದ. ಪೂರ್ತಿ ಹೊಸ ನಕ್ಷೆಯ ದಾರಿಯನ್ನೇ ಹಿಡಿದರು. ಎಂಜಿನಿಯರ್‌ಗಳಾದ ಯುಜೇನಿಯೊ ದುಸ್ ಸಾಂತುಸ್, ಕಾರ್ಲುಸ್ ಮಾರ್ಡೆಲ್ ಅದನ್ನು ನೆಲಕ್ಕೆ ತಂದರು.

ಗೋಡೆಯೊಳಗೆ ಏನಿದೆ ಅನ್ನುವುದು ಮುಖ್ಯ. ಗಯೋಲಾ ಅಂತ ಮರದ ಪಂಜರ. ಉದ್ದ ಅಡ್ಡ ತೊಲೆಗಳ ನಡುವೆ ಗುಣಾಕಾರ ಚಿಹ್ನೆಯ ಹಾಗೆ ಮರದ ತುಂಡು ಬಿಗಿದು, ಆ ಚೌಕಗಳಲ್ಲಿ ಕಲ್ಲು ಗಾರೆ ತುಂಬಿದರು. ನೆಲ ನಡುಗಿದರೆ ಮರ ಬಳುಕುತ್ತದೆ, ಗೋಡೆ ಒಮ್ಮೆಗೇ ಕುಸಿಯುವುದಿಲ್ಲ. ಬೀದಿಬೀದಿಗೆ ಒಂದೊಂದು ಕಸುಬು ಕೊಟ್ಟರು: ಅಕ್ಕಸಾಲಿಗರಿಗೆ ಒಂದು, ಬೆಳ್ಳಿಯವರಿಗೆ ಒಂದು, ಚಪ್ಪಲಿ ಮಾಡುವವರಿಗೆ ಒಂದು, ಬಟ್ಟೆಯವರಿಗೆ ಒಂದು. ಬೆಂಗಳೂರಿನ ಅಕ್ಕಿಪೇಟೆ, ಅರಳೇಪೇಟೆ ಇದ್ದ ಹಾಗೆ. ಇಲ್ಲಿ ಹೂವಾ ದುಶ್ ಕೊರೈಯುರುಶ್ ಅನ್ನುವ ಬೀದಿಯಲ್ಲಿ ಒಂದು ಬ್ಯಾಂಕ್ ಕಟ್ಟಡದ ನೆಲದಡಿ ಉತ್ಖನನ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ರೋಮನ್ನರು ಮೀನು ಉಪ್ಪು ಹಾಕುತ್ತಿದ್ದ ತೊಟ್ಟಿಗಳೂ, ಪೊಂಬಾಲ್ ಕಾಲದಲ್ಲಿ ಒದ್ದೆ ಮಣ್ಣಿಗೆ ಹೊಡೆದ ಪೈನ್ ಮರದ ಗೂಟಗಳೂ ಕಾಣುತ್ತವೆ. ಗೈಡ್ ಜೊತೆ ಉಚಿತವಾಗಿ ತೋರಿಸುತ್ತಾರೆ, ಮೊದಲೇ ಹೇಳಿಟ್ಟರೆ ಒಳ್ಳೆಯದು. ಸಣ್ಣ ಜಾಗ, ಇಡೀ ಲಿಸ್ಬನ್ ಎಲ್ಲಿ ನಿಂತಿದೆ ಅಂತ ತಿಳಿಯುತ್ತದೆ.

ಬೀದಿ ಮುಗಿದು ದೊಡ್ಡ ಕಮಾನಿನಡಿ ಹಾದರೆ ಪ್ರಾಸಾ ದು ಕೊಮೆರ್ಸಿಯು. ಮೂರು ಕಡೆ ಹಳದಿ ಕಟ್ಟಡ, ನಾಲ್ಕನೇ ಕಡೆ ನದಿ. ಟೈಲ್ಸ್‌ನಲ್ಲಿ ನೋಡಿದ ಅರಮನೆ ಇಲ್ಲಿತ್ತು. ಅದರಲ್ಲಿದ್ದ 70,000 ಪುಸ್ತಕಗಳ ಗ್ರಂಥಾಲಯ ಹೋಯಿತು. ಏಷ್ಯಾದ ವ್ಯಾಪಾರ ನೋಡಿಕೊಳ್ಳುತ್ತಿದ್ದ ಇಂಡಿಯಾ ಹೌಸ್ ಕಚೇರಿಯೂ ಹೋಯಿತು. ಕೊಚ್ಚಿ, ಕಣ್ಣೂರು, ಹೊನ್ನಾವರ, ಭಟ್ಕಳದ ಕಾಳುಮೆಣಸಿನ ಲೆಕ್ಕ ನಡೆದದ್ದು ಆ ಕಚೇರಿಯಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೆಣಸು ಕೊಂಡವರೂ ಇವರೇ. ನಡುವೆ ಕುದುರೆ ಮೇಲೆ ಕೂತಿರುವ ಒಂದನೇ ಜೋಸೆ ರಾಜನ ಕಂಚಿನ ಪ್ರತಿಮೆ 1775ರದ್ದು. ಪೀಠದ ಪಕ್ಕದಲ್ಲಿ ಒಂದು ಆನೆಯೂ ಇದೆ ನೋಡಿ. ಭೂಕಂಪದ ದಿನ ಈ ರಾಜ ಬೆಲೇಂನಲ್ಲಿದ್ದ, ಬದುಕಿದ. ಆಮೇಲೆ ಸಾಯುವವರೆಗೂ ಕಲ್ಲಿನ ಚಾವಣಿ ಕೆಳಗೆ ಮಲಗಲು ಹೆದರಿ ಮರದ ಅರಮನೆಯಲ್ಲಿ ಇದ್ದ. 1908ರ ಫೆಬ್ರವರಿ 1ರಂದು ರಾಜ ಕಾರ್ಲೊಸ್ ಮತ್ತು ಅವನ ಹಿರಿಮಗನನ್ನು ಇದೇ ಚೌಕದಲ್ಲಿ ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ ರಾಜಪ್ರಭುತ್ವವೂ ಮುಗಿಯಿತು.

ಮೂರನೇ ದಿನ ಬೆಲೇಂ. ಕಾಯಿಸ್ ದು ಸೊದ್ರೆಯಿಂದ ರೈಲು ಸುಲಭ, 15ನೇ ನಂಬರಿನ ಟ್ರಾಮ್ ಕೂಡ ಹೋಗುತ್ತದೆ. ಜೆರೋನಿಮೊಸ್ ಮಠದ ಕೆಲಸ ಶುರುವಾದದ್ದು 1501-02ರ ಸುಮಾರಿಗೆ, ಮುಗಿಯಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ಆಫ್ರಿಕಾ ಮತ್ತು ಏಷ್ಯಾದ ವ್ಯಾಪಾರದ ಮೇಲೆ ರಾಜ ಮಾನ್ಯುಯೆಲ್ ಹಾಕಿದ ಶೇಕಡ 5ರ ತೆರಿಗೆ ಇದಕ್ಕೆ ಹೋಯಿತು. ಅಂದರೆ ನಮ್ಮ ಪಶ್ಚಿಮ ಘಟ್ಟದ ಮೆಣಸಿನ ದುಡ್ಡೂ ಈ ಗೋಡೆಯಲ್ಲಿದೆ. ಭೂಕಂಪದಲ್ಲಿ ಇದು ನಿಂತಿತು. ಒಳಗೆ ಕಂಬಗಳು ತಾಳೆಮರದಷ್ಟು ಸಪೂರ, ಅಡ್ಡಭಾಗದ ಚಾವಣಿಗೆ ನಡುವೆ ಒಂದೂ ಕಂಬವಿಲ್ಲ. ಕೆತ್ತನೆಯಲ್ಲಿ ಹಡಗಿನ ಹಗ್ಗದ ಗಂಟು, ಸಮುದ್ರದ ಗಿಡ, ನಾವಿಕರ ಗೋಳ. ರಾಜರ ಸಮಾಧಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತಿವೆ. ಕೊಚ್ಚಿಯಲ್ಲಿ ವಾಸ್ಕೊ ಡ ಗಾಮನ ಸಮಾಧಿ ಕಲ್ಲು ನೀವು ನೋಡಿರಬಹುದು. ಅವನು 1524ರಲ್ಲಿ ಸತ್ತದ್ದು ಅಲ್ಲೇ. ಮೂಳೆಗಳನ್ನು ಆಮೇಲೆ ಪೋರ್ಚುಗಲ್‌ಗೆ ಒಯ್ದರು, 1880ರಿಂದ ಇಲ್ಲಿ ಬಾಗಿಲ ಹತ್ತಿರ ಇವೆ. ಎದುರಿಗೆ ಪೋರ್ಚುಗೀಸ್ ಕವಿ ಕಮೊಯ್ಸ್ ಸಮಾಧಿ. ಮಠದ ಎರಡಂತಸ್ತಿನ ಮೊಗಸಾಲೆಗೆ ಟಿಕೆಟ್ ಬೇಕು, ದುಡ್ಡು ಕೊಟ್ಟು ನೋಡಿ, ಅವಸರ ಮಾಡಬೇಡಿ. ಇಡೀ ಲಿಸ್ಬನ್‌ನಲ್ಲಿ ಕಲ್ಲಿನ ಕೆಲಸ ಅಂದರೆ ಇದು. ಬೇಲೂರು ಹಳೇಬೀಡು ನೋಡಿ ಬೆಳೆದ ನಮ್ಮ ಕಣ್ಣಿಗೂ ಇಲ್ಲಿ ಕೆಲಸವಿದೆ.

ಬೆಲೇಂ ಗೋಪುರ 1514ರಿಂದ 1519ರ ನಡುವೆ ಕಟ್ಟಿದ್ದು. ಒಳಗಿನ ಮೆಟ್ಟಿಲು ಬಹಳ ಇಕ್ಕಟ್ಟು, ಕೋಣೆಗಳು ಖಾಲಿ. ಹೊರಗಿನಿಂದಲೇ ನೋಡಿ, ಆದರೆ ಪಶ್ಚಿಮದ ಕಾವಲು ಗೂಡಿನ ಬುಡದಲ್ಲಿ ಸವೆದುಹೋದ ಘೇಂಡಾಮೃಗದ ತಲೆಯನ್ನು ಹುಡುಕಿ. ಗುಜರಾತಿನ ಸುಲ್ತಾನ ಎರಡನೇ ಮುಜಫ್ಫರ್ ಷಾ ಅಲ್ಬುಕರ್ಕ್‌ಗೆ ಕೊಟ್ಟ ಪ್ರಾಣಿ. ಗೋವಾದಿಂದ ಹಡಗು ಹತ್ತಿಸಿದರು, 1515ರ ಮೇ 20ಕ್ಕೆ ಇಲ್ಲಿ ಇಳಿಯಿತು. ರೋಮನ್ನರ ಕಾಲದ ನಂತರ ಯುರೋಪು ಕಂಡ ಮೊದಲ ಘೇಂಡಾಮೃಗ. ರಾಜ ಅದನ್ನು ಆನೆಯ ಜೊತೆ ಕಾಳಗಕ್ಕೆ ಬಿಟ್ಟ, ಆನೆ ಓಡಿತು. ಮುಂದೆ ಪೋಪ್‌ಗೆ ಉಡುಗೊರೆಯಾಗಿ ಕಳಿಸಿದಾಗ ಇಟಲಿ ಹತ್ತಿರ ಹಡಗು ಮುಳುಗಿ ಸತ್ತಿತು. ಜರ್ಮನಿಯ ಚಿತ್ರಕಾರ ಡ್ಯೂರರ್ ಆ ಪ್ರಾಣಿಯನ್ನು ನೋಡದೆ, ಬಂದ ಪತ್ರ, ರೇಖಾಚಿತ್ರ ಇಟ್ಟುಕೊಂಡು ಮಾಡಿದ ಮರದಚ್ಚಿನ ಚಿತ್ರ ಪ್ರಸಿದ್ಧ, ಅತ್ತೆಯವರಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಹಡಗಿನ ಆಕಾರದ ಅನ್ವೇಷಣೆ ಸ್ಮಾರಕ 1960ರದ್ದು, ಸಾಲಜಾರ್ ಸರ್ಕಾರ ತನ್ನ ಸಾಮ್ರಾಜ್ಯವನ್ನು ಹೊಗಳಿಕೊಳ್ಳಲು ಕಟ್ಟಿಸಿದ್ದು. ದಾರಿಯಲ್ಲಿ ಕಾಣುತ್ತದೆ, ಅಷ್ಟೇ ಸಾಕು.

ನಾಲ್ಕನೇ ದಿನಕ್ಕೆ ಹತ್ತಿರದ ಸಿಂತ್ರಾ ಊರಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಅರಮನೆಗಳು ಸುಂದರವಾಗಿವೆ, ಆದರೆ ಗುಡ್ಡ, ಬಸ್ಸು, ಕ್ಯೂ. ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಆಗ್ವಾಸ್ ಲಿವ್ರೆಸ್ ಮೇಲ್ಗಾಲುವೆ ನೋಡುತ್ತೇನೆ. ಊರಿಗೆ ಕುಡಿಯುವ ನೀರು ತರಲು 1731ರಲ್ಲಿ ರಾಜಾಜ್ಞೆ ಆಯಿತು, 1748ರಲ್ಲಿ ನೀರು ಬಂತು. ಮಾನ್ಯುಯೆಲ್ ದ ಮೈಯಾ ಇದರಲ್ಲೂ ಕೆಲಸ ಮಾಡಿದ್ದ. ಅಲ್ಕಾಂತರಾ ಕಣಿವೆಯ ಮೇಲೆ 941 ಮೀಟರ್ ಉದ್ದಕ್ಕೆ 35 ಕಮಾನು, ಅತಿ ಎತ್ತರದ್ದು 65 ಮೀಟರ್. ಏಳೇ ವರ್ಷಕ್ಕೆ ಭೂಕಂಪ ಬಂತು. ಕಮಾನುಗಳು ನಿಂತವು. ಅಮೊರೈರಾಸ್‌ನಲ್ಲಿರುವ ಅದರ ಕಲ್ಲಿನ ಜಲಾಗಾರವನ್ನೂ ನೋಡಬಹುದು, ಒಳಗೆ ತಂಪು. ಮಧ್ಯಾಹ್ನ ಬಿಡುವಿದ್ದರೆ ಪ್ರಾಚೀನ ಕಲೆಯ ರಾಷ್ಟ್ರೀಯ ಮ್ಯೂಸಿಯಂ. ಅಲ್ಲಿ 1506ರಲ್ಲಿ ಮಾಡಿದ ಬೆಲೇಂನ ಚಿನ್ನದ ಪೂಜಾಪಾತ್ರೆ ಇದೆ. ಆಫ್ರಿಕಾದ ಕಿಲ್ವಾದಿಂದ ಗಾಮಾ ಕಪ್ಪವಾಗಿ ತಂದ ಚಿನ್ನದ್ದು.

ಓಡಾಟದ ಮಾತು. ಕಾಲುದಾರಿಗಳಿಗೆ ಹಾಕಿದ ಸಣ್ಣ ಬಿಳಿ ಕಲ್ಲು ಮಳೆ ಬಂದರೆ ಬಹಳ ಜಾರುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಇರಬಹುದು, ಅತ್ತೆಯವರಿಗೆ ರಬ್ಬರ್ ಅಡಿಯ ಹಿಡಿತದ ಶೂ ಇರಲಿ. ಬೈಶಾದ ಫಾಂಕೈರುಸ್ ಬೀದಿಯಿಂದ ಕೋಟೆ ಗುಡ್ಡದ ಕಡೆಗೆ ಏರಲು ಊರಿನವರ ಉಚಿತ ಲಿಫ್ಟ್ ಇದೆ. 28ನೇ ನಂಬರಿನ ಹಳದಿ ಟ್ರಾಮ್ ಹತ್ತಲೇಬೇಕು ಅಂದರೆ ಬೆಳಿಗ್ಗೆ ಬೇಗ, ಮಾರ್ತಿಂ ಮೊನೀಸ್‌ನಲ್ಲಿ ಹೊರಡುವ ಜಾಗದಲ್ಲೇ ಹತ್ತಿ, ಸೀಟು ಸಿಗುತ್ತದೆ. ಆಮೇಲೆ ನೂಕುನುಗ್ಗಲು, ಜೇಬುಗಳ್ಳರು ಜಾಸ್ತಿ. ಸಸ್ಯಾಹಾರಿಗಳಾದರೆ ಸೂಪ್ ಕೇಳುವಾಗಲೂ ಮಾಂಸ ಹಾಕಿದ್ದಾರಾ ಅಂತ ವಿಚಾರಿಸಿ, ಹಸಿರು ಸೊಪ್ಪಿನ ಸೂಪಿನಲ್ಲೂ ಹಂದಿಮಾಂಸದ ತುಂಡು ಇರುತ್ತದೆ. ಮಾರ್ತಿಂ ಮೊನೀಸ್ ಸುತ್ತಮುತ್ತ ಭಾರತದವರ ಅಂಗಡಿ ಹೋಟೆಲ್‌ಗಳಿವೆ.

ಮ್ಯೂಸಿಯಂಗಳು, ಜೆರೋನಿಮೊಸ್ ಸೋಮವಾರ ರಜ. ಹಳೆಯ ಕಟ್ಟಡಗಳನ್ನು ದುರಸ್ತಿಗಾಗಿ ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ಹೊರಡುವ ವಾರ ಮಗಳಿಗೆ ಹೇಳಿ ಟೈಲ್ಸ್ ಮ್ಯೂಸಿಯಂ, ಬೆಲೇಂ ಎರಡೂ ತೆರೆದಿವೆಯಾ ಅಂತ ಅವುಗಳದ್ದೇ ವೆಬ್‌ಸೈಟ್‌ನಲ್ಲಿ ನೋಡಿಸಿ. ಜೆರೋನಿಮೊಸ್ ಟಿಕೆಟ್ ಬೆಳಗಿನ ಮೊದಲ ಹೊತ್ತಿಗೆ ತೆಗೆಸಿ. ನಾಲ್ಕು ದಿನದಲ್ಲಿ ಒಂದು ಸೋಮವಾರ ಬಂದರೆ ಕಾರ್ಮೊ, ಸಾವೋ ಡೊಮಿಂಗೋಸ್, ಬೈಶಾ ಇರುವ ಎರಡನೇ ದಿನವನ್ನು ಅವತ್ತಿಗೆ ಇಟ್ಟುಕೊಳ್ಳಿ.